ಇಲ್ಲೇನೆ

ಮಹಡಿಯ ಮನೆ, ಕಿಟಕಿಯ ಬಳಿಯ ಮೇಜು
ಫೆಬ್ರವರಿ ೧೧, ಬೆಳಗಿನ ಹೊತ್ತು

ಪ್ರೀತಿಯ ಮಗಳೇ,

ಈ ಎರಡು ಪದಗಳನ್ನು ಬರೆಯುವ ಮೊದಲು ಒಂದು ಹಾಳೆ ಹಾಳಾಯಿತು. ಭಿಕ್ಷುಣಿಯರಿಗೆ ಬರೆಯುವಾಗ ‘ಪೂಜ್ಯ ಆರ್ಯೆಯವರಲ್ಲಿ’ ಎಂದು ಆರಂಭಿಸಿ ಬಹುವಚನದಲ್ಲೇ ಮುಗಿಸುವುದು ಪದ್ಧತಿಯೆಂದು ನಿಮ್ಮ ವಿಹಾರದ ಹಿರಿಯರು ಒಮ್ಮೆ ತಿಳಿಸಿದ್ದರು. ಹಾಗೆಯೇ ಬರೆದೆ. ಆದರೆ ಮೂಗು ಒರೆಸಿ ಶಾಲೆಗೆ ಕಳುಹಿಸಿದ ಮಗುವನ್ನು ‘ತಾವು ಕ್ಷೇಮವೇ’ ಎಂದು ಕೇಳುವುದು ವ್ಯಾಕರಣಕ್ಕೆ ಒಪ್ಪಿತು, ಲೇಖನಿಗೆ ಒಪ್ಪಲಿಲ್ಲ. ಆದುದರಿಂದ ಏಕವಚನ. ಹಿರಿಯರು ಕೇಳಿದರೆ ತಾಯಂದಿರಿಗೆ ಬೇರೆ ವ್ಯಾಕರಣವಿದೆಯೆಂದು ಹೇಳು.

ನಿನ್ನ ಆರೋಗ್ಯ ಹೇಗಿದೆ? ಕಾಲು ಮಡಿಸಿ ಕುಳಿತು ಕುಳಿತು ಬಲ ಮಂಡಿ ಊದಿಕೊಳ್ಳುತ್ತದೆಯೆಂದು ಬರೆದಿದ್ದೆ, ಬಾವು ಇಳಿಯಿತೇ? ಮಧ್ಯಾಹ್ನದ ನಂತರ ಆಹಾರವಿಲ್ಲವೆಂಬ ನಿಮ್ಮ ನಿಯಮವನ್ನು ನಾನು ಪ್ರಶ್ನಿಸುವುದಿಲ್ಲ, ಆದರೆ ಆ ನಿಯಮ ನಿನ್ನ ಹೊಟ್ಟೆಯುರಿಗೆ ಗೊತ್ತಿದೆಯೇ? ಬೋಳುತಲೆಗೆ ಚಳಿ ಬೇಗ ಹತ್ತುತ್ತದೆ. ಟೊಪ್ಪಿಗೆಗೆ ಅವಕಾಶವಿದ್ದರೆ ಕೆಳಮನೆಯ ಟೈಲರಮ್ಮ ಹೊಲಿದುಕೊಡುತ್ತಾಳಂತೆ. ಬಣ್ಣ ಯಾವುದೆಂದು ನೀನೇ ತಿಳಿಸು, ಇಲ್ಲವಾದರೆ ಅವಳು ಉಳಿದ ಹೂವಿನ ಬಟ್ಟೆಯಲ್ಲೇ ಹೊಲಿದು ಕಳುಹಿಸುತ್ತಾಳೆ. ಇನ್ನೊಂದು ಮಾತು. ನಿನ್ನ ಪತ್ರದಲ್ಲಿ ‘ಮದ್ಯಮ ಮಾರ್ಗ’ ಎಂದು ಬರೆದಿರುವೆ. ಅಕ್ಷರದ ಹೊಟ್ಟೆ ಸೀಳಿಲ್ಲ. ‘ಮಧ್ಯ’ ಎಂದರೆ ನಡು. ‘ಮದ್ಯ’ ಎಂದರೆ ಹೆಂಡ. ಎಲ್ಲವನ್ನೂ ತ್ಯಜಿಸಿದವರು ಮಹಾಪ್ರಾಣವನ್ನೂ ತ್ಯಜಿಸಬೇಕೆಂದು ನಿಮ್ಮ ಗುರುಗಳು ಎಲ್ಲಿಯೂ ಹೇಳಿರಲಾರರು.

ಈಗ ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ‘ನನ್ನ ಮೇಲೆ ಕೋಪವೇ ಅಮ್ಮಾ?’ ಎಂದು ಬರೆದಿದ್ದೀಯೆ. ಹೋದ ತಿಂಗಳು ನಿನ್ನ ತಂದೆಯವರು ತೀರಿಕೊಂಡ ದಿನ ವಿಹಾರಕ್ಕೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದವಳು ಟೈಲರಮ್ಮ. ನೀನು ನನ್ನನ್ನು ಕೇಳಿದೆಯೆಂದು ಅವಳು ಫೋನನ್ನು ನನ್ನ ಕಿವಿಗೆ ಹಿಡಿದಳು. ‘ಅಮ್ಮಾ, ಇದ್ದೀಯಾ?’ ಎಂದೆ. ಮತ್ತೆ ಕೇಳಿದೆ. ನಾನು ಉತ್ತರಿಸಲಿಲ್ಲ. ನನ್ನ ಉಸಿರು ನಿನಗೆ ಕೇಳಿಸಿರಬೇಕು, ನಿನ್ನದು ನನಗೆ ಕೇಳಿಸುತ್ತಿತ್ತು. ಮನೆ ಬಿಟ್ಟು ಹೋದವಳನ್ನು, ತಂದೆಯ ಸಾವಿಗೂ ಬಂದು ಮುಟ್ಟಲಾಗದವಳನ್ನು ನಾನು ಕ್ಷಮಿಸಿಲ್ಲವೆಂದು ನೀನು ಆ ಮೌನಕ್ಕೆ ಅರ್ಥ ಕಟ್ಟಿಕೊಂಡಿರುವೆ. ಆ ಅರ್ಥ ತಪ್ಪು. ನೀನು ತಲೆ ಬೋಳಿಸಿಕೊಂಡ ದಿನ ನಾನು ಅತ್ತದ್ದು ನಿಜ, ಅದು ಕೂದಲಿಗಾಗಿ. ಅಷ್ಟು ದಟ್ಟ ಕೂದಲು ನಮ್ಮ ವಂಶದಲ್ಲಿ ಇನ್ನಾರಿಗೂ ಇರಲಿಲ್ಲ. ಕೋಪ ಅಂದೂ ಇರಲಿಲ್ಲ, ಇಂದೂ ಇಲ್ಲ. ನನಗೆ ಮಾತು ಬರುತ್ತಿರಲಿಲ್ಲ, ಅಷ್ಟೆ. ಇದನ್ನು ಅಲಂಕಾರವೆಂದು ತಿಳಿಯಬೇಡ. ದುಃಖದಿಂದ ಗಂಟಲು ಕಟ್ಟಿತ್ತು ಎಂಬ ಅರ್ಥದಲ್ಲಿ ಬರೆಯುತ್ತಿಲ್ಲ, ವಾಚ್ಯಾರ್ಥದಲ್ಲೇ ಬರೆಯುತ್ತಿದ್ದೇನೆ.

ನೀನು ಮಳೆಗಾಲದ ಏಕಾಂತವಾಸದಲ್ಲಿದ್ದಾಗ, ಒಂದು ಬೆಳಿಗ್ಗೆ ಹಾಲು ಉಕ್ಕುತ್ತಿತ್ತು. ಪಾತ್ರೆಯನ್ನು ಇಳಿಸಲು ಕೈ ಚಾಚಿದೆ. ಕೈ ಚಾಚಿತೆಂದು ನಾನು ತಿಳಿದೆ, ಅದು ಚಾಚಿರಲಿಲ್ಲ. ಹಾಲೆಲ್ಲ ಒಲೆಗೆ ಚೆಲ್ಲಿತು, ನಾನು ನೆಲಕ್ಕೆ ಚೆಲ್ಲಿದೆ. ಮೆದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತಂತೆ. ಕೈ ಬೇಗನೆ ಮರಳಿ ಬಂತು. ಈ ಅಕ್ಷರಗಳೇ ಅದಕ್ಕೆ ಸಾಕ್ಷಿ. ಕಾಲು ಒಂದು ಕೋಲನ್ನು ಜೊತೆಗೆ ಕರೆದುಕೊಂಡು ಬಂತು. ನಾಲಗೆ ಮಾತ್ರ ಹಿಂದಿರುಗಲಿಲ್ಲ. ಹೇಳಬೇಕಾದುದು ತಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದಗಳ ಸಮೇತ ಸಾಲಾಗಿ ನಿಂತಿರುತ್ತದೆ, ಬಾಯಿಯ ಬಾಗಿಲು ದಾಟುವಷ್ಟರಲ್ಲಿ ನೀರಿಗೆ ಬಿದ್ದ ಸಾಬೂನಿನಂತಾಗುತ್ತದೆ. ಒತ್ತಕ್ಷರಗಳು ಕರಗುತ್ತವೆ. ಮಹಾಪ್ರಾಣಗಳಿಗೆ ಪ್ರಾಣವೇ ಇಲ್ಲ. ದಕಾರವೆಲ್ಲ ಲಕಾರ. ಆಸ್ಪತ್ರೆಯಲ್ಲಿ ನರ್ಸು ನನ್ನ ಹೆಸರು ಕೇಳಿದಳು, ಹೇಳಿದೆ. ಅವಳು ಪಕ್ಕದವಳಿಗೆ, ‘ಅಜ್ಜಿ ಎಷ್ಟು ಮುದ್ದುಮುದ್ದಾಗಿ ಮಾತಾಡ್ತಾರೆ ನೋಡೇ, ಪಾಪು ಥರ’ ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಕನ್ನಡ ಅಧ್ಯಾಪಕಿಯಾಗಿ ನಾನು ಶಾಲೆಯ ಕಾರಿಡಾರಿನಲ್ಲಿ ಬರುತ್ತಿದ್ದೇನೆಂದರೆ ಮಕ್ಕಳಿರಲಿ, ಸಹೋದ್ಯೋಗಿಗಳೇ ತಮ್ಮ ವಾಕ್ಯಗಳನ್ನು ಸರಿಪಡಿಸಿಕೊಳ್ಳುತ್ತಿದ್ದ ಕಾಲವಿತ್ತು. ಅಂದು ಬಾಯಿ ಮುಚ್ಚಿದೆ.

ಮಾತು ಕಲಿಸಲು ಒಬ್ಬ ಹುಡುಗಿ ಮನೆಗೆ ಬರುತ್ತಿದ್ದಳು. ಕನ್ನಡಿ ಹಿಡಿದು, ನಾಲಗೆ ಚಾಚಿ, ‘ಪ-ಟ-ಕ ಅನ್ನಿ ಆಂಟಿ. ಬಾಯ್ಬಿಡಿ, ತಪ್ಪಾದ್ರೆ ಯಾರಪ್ಪನ ಗಂಟು ಹೋಗುತ್ತೆ?’ ಎನ್ನುತ್ತಿದ್ದಳು. ‘ತಪ್ಪಾಗಿ ಮಾತನಾಡುವುದಕ್ಕಿಂತ ಮೌನ ಲೇಸು’ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ‘ಸ್ಲೇಟಿಗೆ ತುಂಬಾ ಚೆನ್ನಾಗಿ ಬರುತ್ತೆ ಆಂಟಿ, ಟ್ರೀಟ್‌ಮೆಂಟ್ ಬೇಕಾಗಿರೋದು ಸ್ಲೇಟಿಗಲ್ಲ’ ಎಂದಳು. ಬಾಯಿಬಡುಕಿಯಾದರೂ ವಾಕ್ಯರಚನೆ ಚುರುಕಾಗಿತ್ತು. ನಾಳೆಯಿಂದ ಬರುವುದು ಬೇಡವೆಂದು ಅದೇ ಸ್ಲೇಟಿನ ಮೇಲೆ ಬರೆದೆ.

ನಿನಗೆ ತಿಳಿಸಲಿಲ್ಲ. ನನ್ನ ಪತ್ರಗಳು ಎಂದಿನ ಕೈಬರಹದಲ್ಲೇ ಬರುತ್ತಿದ್ದವು. ನಿನಗೆ ಅನುಮಾನ ಬರಲು ಕಾರಣವೂ ಇರಲಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ತಂದೆಯವರು, ‘ನಿಮ್ಮಮ್ಮಂಗೆ ನೆಗಡಿ ಕಣಮ್ಮ, ಗಂಟ್ಲು ಕಟ್ಟಿದೆ’ ಎಂದದ್ದು ನನ್ನ ಮಾನ ಉಳಿಸಲು. ಸುಳ್ಳಾಡುವುದಿಲ್ಲವೆಂಬುದು ನಿಮ್ಮ ಐದು ಶೀಲಗಳಲ್ಲಿ ಒಂದೆಂದು ನೀನೇ ಅವರಿಗೆ ಕಲಿಸಿದ್ದೆ. ಫೋನಿಟ್ಟ ಮೇಲೆ, ‘ನಾಲ್ಕಾದ್ರೂ ಉಳೀತಲ್ಲ’ ಎನ್ನುತ್ತಿದ್ದರು.

ಅವರ ಕಣ್ಣು ಪೂರ್ತಿ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದುದು ನಿನಗೆ ಗೊತ್ತು. ಈ ಮನೆಯನ್ನು ಅವರು ಕಿವಿಯಿಂದ ನೋಡುತ್ತಿದ್ದರು. ಅವರ ಆ ಒಂದು ಪ್ರಶ್ನೆ ನಿನಗೆ ನೆನಪಿರಬೇಕು. ಬಸ್ಸು ಓಡಿಸುತ್ತಿದ್ದ ದಿನಗಳಲ್ಲಿ ಕೊನೆಯ ನಿಲ್ದಾಣ ಮುಟ್ಟಿದ ಮೇಲೆ, ಡಿಪೋಗೆ ಹೊರಡುವ ಮೊದಲು ಹಿಂದಿನ ಸೀಟುಗಳ ಕಡೆ ತಿರುಗಿ, ‘ಯಾರಾದ್ರೂ ಇದ್ದೀರಾ?’ ಎಂದು ಕೂಗುವ ಅಭ್ಯಾಸ. ಯಾರೋ ಮುದುಕ ನಿದ್ರೆ ಹೋಗಿ ಡಿಪೋದಲ್ಲಿ ಸಿಕ್ಕಿಬಿದ್ದ ಮೇಲೆ ಕಲಿತದ್ದಂತೆ. ಅದನ್ನೇ ಮನೆಗೂ ತಂದರು. ಮೆಟ್ಟಿಲು ಹತ್ತುತ್ತಲೇ ‘ಇದ್ದೀಯಾ?’ ಎನ್ನುತ್ತಿದ್ದರು. ನಾನು ‘ಇದ್ದೇನೆ’ ಎನ್ನುತ್ತಿದ್ದೆ. ನೀನು ಮಗುವಾಗಿದ್ದಾಗ ‘ಇದೀನಿ’ ಎಂದರೆ ತಿದ್ದುತ್ತಿದ್ದೆ. ಕಣ್ಣು ಹೋದ ಮೇಲೆ ಅದು ಬರಿಯ ಅಭ್ಯಾಸವಾಗಿ ಉಳಿಯಲಿಲ್ಲ. ಗೋಡೆ ಎಲ್ಲಿದೆ, ಬಾಗಿಲು ಎಲ್ಲಿದೆ ಎಂದು ಕೈ ಚಾಚಿ ತಿಳಿಯುವಂತೆ, ನಾನು ಎಲ್ಲಿರುವೆನೆಂದು ಆ ಪ್ರಶ್ನೆ ಚಾಚಿ ತಿಳಿಯುತ್ತಿದ್ದರು.

ಸ್ಲೇಟು ಅವರಿಗೆ ಪ್ರಯೋಜನವಿಲ್ಲ. ಆದ್ದರಿಂದ ಅವರು ‘ಇದ್ದೀಯಾ?’ ಎಂದಾಗ ಕೋಲಿನಿಂದ ನೆಲವನ್ನು ಕುಟ್ಟುತ್ತಿದ್ದೆ. ಮೊದಮೊದಲು ನಕ್ಕರು: ‘ಇಷ್ಟು ವರ್ಷ ನಿನ್ನ ಬಾಯಿ ಮುಚ್ಚಿಸೋಕಾಗ್ಲಿಲ್ಲ, ಈಗ ನೋಡು, ತೆರೆಸೋಕಾಗ್ತಿಲ್ಲ.’ ಆಮೇಲೆ ನಗು ನಿಂತಿತು. ಒಂದು ಸಂಜೆ ಕೋಲು ಕುಟ್ಟಿದೆ. ಅವರು, ‘ಅದು ಕೋಲು. ಕೋಲಿದೆ ಅಂತ ಗೊತ್ತಾಯ್ತು. ನೀನಿದ್ದೀಯಾ?’ ಎಂದರು.

ಆ ಒಂದು ಪದವನ್ನು ಸಾಧಿಸಲೇಬೇಕೆಂದು ಅಂದೇ ನಿಶ್ಚಯಿಸಿದೆ. ಆದರೆ ಸಾಧಿಸಿದ ಮೇಲೆ ಹೇಳಬೇಕು, ಅದಕ್ಕೆ ಮೊದಲಲ್ಲ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ‘ನೀರು ಸುಮ್ನೆ ಪೋಲಾಗ್ತಿದೆ’ ಎಂದು ಅವರು ಹೊರಗಿನಿಂದ ಕೂಗುತ್ತಿದ್ದರು. ಆ ದಿನಗಳಲ್ಲೇ ನಿನಗೊಂದು ಪತ್ರ ಬರೆದು, ಕಾರಣ ತಿಳಿಸದೆ, ನಿಮ್ಮಲ್ಲಿ ‘ಸಮ್ಯಕ್ ವಾಕ್’ ಎಂದರೇನೆಂದು ಕೇಳಿದ್ದೆ. ಸರಿಯಾದ ಮಾತೆಂದು ಅರ್ಥವಾದರೆ, ಸರಿಯಾಗಿ ಆಡಲಾರದವರು ಆಡದಿರುವುದೇ ಧರ್ಮವಲ್ಲವೇ ಎಂಬುದು ನನ್ನ ಪೂರ್ವಪಕ್ಷ. ನೀನು ಉತ್ತರಿಸಿದೆ: ಅದು ಸತ್ಯವಾಗಿರಬೇಕು, ಮೃದುವಾಗಿರಬೇಕು, ಕೂಡಿಸುವಂತಿರಬೇಕು, ಹೊತ್ತಿಗೆ ತಕ್ಕುದಾಗಿರಬೇಕು. ಉಚ್ಚಾರಣೆಯ ಪ್ರಸ್ತಾಪವೇ ಇಲ್ಲ. ನನಗೆ ಸಮಾಧಾನವಾಗಲಿಲ್ಲ, ನಿಘಂಟು ತೆಗೆದೆ. ‘ಸಮ್’ ಎಂದರೆ ಜೊತೆ, ‘ಅಂಚ್’ ಎಂದರೆ ಸಾಗುವುದು. ಜೊತೆಯಾಗಿ ಸಾಗುವುದು ‘ಸಮ್ಯಕ್’. ಇಷ್ಟು ವರ್ಷ ಮಕ್ಕಳ ಪುಸ್ತಕಗಳ ಅಂಚಿನಲ್ಲಿ ‘ಸರಿ’ ಎಂದು ಕೆಂಪು ಗುರುತು ಹಾಕುತ್ತಿದ್ದ ನನಗೆ ಆ ಪದದ ಒಳಗೆ ಇಬ್ಬರು ನಡೆಯುತ್ತಿದ್ದಾರೆಂಬುದು ತಿಳಿದಿರಲಿಲ್ಲ. ನಿನ್ನ ಆ ಉತ್ತರದಲ್ಲೇ ನಡಿಗೆಯ ಧ್ಯಾನದ ಕಥೆಯನ್ನೂ ನೀನು ಬರೆದಿದ್ದೆ. ಪಾದವನ್ನು ಸರಿಯಾಗಿ ಎತ್ತುವುದು ಹೇಗೆಂದು ಯೋಚಿಸುತ್ತ ನೀನು ಕಂಬದ ಹಾಗೆ ನಿಂತುಬಿಟ್ಟದ್ದು, ಹಿರಿಯ ಭಿಕ್ಷುಣಿ ಪಕ್ಕದಲ್ಲಿ ಹಾದುಹೋಗುತ್ತ, ‘ಎತ್ತೋದು ಹೇಗೆ ಅಂತ ಕಾಲನ್ನ ಕೇಳ್ಬೇಡ ಮಗಾ, ಎತ್ತು’ ಎಂದದ್ದು. ಓದಿ ನಕ್ಕು ಮಡಿಸಿಟ್ಟೆ. ಮತ್ತೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ.

ಅಷ್ಟರಲ್ಲಿ ನಿನ್ನ ತಂದೆಯವರ ಹೃದಯ ಸೋಲತೊಡಗಿತ್ತು. ಕಾಲುಗಳಲ್ಲಿ ನೀರು ತುಂಬಿತು. ಇನ್ನು ಮನೆಯಲ್ಲೇ ಇರಲಿ ಎಂದು ವೈದ್ಯರು ಹೇಳಿದರು. ಆ ವಾಕ್ಯದಲ್ಲಿ ಅವರು ಬಿಟ್ಟ ಪದಗಳು ನನಗೆ ಅರ್ಥವಾದವು. ಒಂದು ಮಧ್ಯಾಹ್ನ ನಾನು ಇದೇ ಮೇಜಿನ ಬಳಿ ಇದ್ದೆ, ಅವರು ಮಂಚದ ಮೇಲೆ ಮಲಗಿದ್ದರು. ಕೆಳಗೆ ಟೈಲರಮ್ಮನ ಯಂತ್ರ ಊಟಕ್ಕೆಂದು ನಿಂತು, ಮನೆಯೆಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕೇ ಎಚ್ಚರವಾಯಿತೇನೋ. ‘ಇದ್ದೀಯಾ?’ ಎಂದರು. ಕೋಲಿಗಾಗಿ ಕೈ ಹಾಕಿದೆ. ಅದು ಅಡುಗೆಮನೆಯ ಬಾಗಿಲಿಗೆ ಒರಗಿತ್ತು. ‘ಇದ್ದೀಯಾ ಟೀಚರಮ್ಮ?’ ಎಂದು ಮತ್ತೆ ಕೇಳಿದರು, ದನಿ ಬೇರೆಯಾಗಿತ್ತು. ಗಾಳಿಯಲ್ಲಿ ಕೈ ಆಡಿಸಿದರು. ಆಮೇಲೆ ಒಂದು ಕಾಲು ಮಂಚದಿಂದ ಕೆಳಗಿಳಿಯಿತು, ಇನ್ನೊಂದು ಕಾಲೂ ಇಳಿಯಿತು. ನಿಲ್ಲುವ ಶಕ್ತಿ ಇಲ್ಲದ ಕಾಲುಗಳಿಂದ ಅವರು ನನ್ನನ್ನು ಹುಡುಕಲು ಹೊರಟಿದ್ದರು.

‘ಇದ್ದೇನೆ’ ಎನ್ನಬೇಕಾದರೆ ನಾಲಗೆಯ ತುದಿ ಹಲ್ಲಿನ ಹಿಂದೆ ಒತ್ತಿ ನಿಲ್ಲಬೇಕು. ನನ್ನದು ಒತ್ತುವುದಿಲ್ಲ, ತಾಗಿ ಜಾರುತ್ತದೆ. ‘ಇಲ್ಲೇನೆ’ ಎಂದೆ.

ಅಂಥ ಪದ ನಮ್ಮ ಭಾಷೆಯಲ್ಲಿ ಇಲ್ಲ. ‘ಇಲ್ಲ’ ಎಂಬುದಕ್ಕೆ ‘ನಾನು’ ಎಂಬುದರ ಪ್ರತ್ಯಯ ಹತ್ತುವುದಿಲ್ಲ; ಇಲ್ಲವಾದವರು ಹಾಗೆಂದು ಹೇಳಲು ಉಳಿದಿರುವುದಿಲ್ಲವಷ್ಟೆ. ಅವರು ಮಂಚದ ಅಂಚಿನಲ್ಲೇ ಕುಳಿತು ದನಿ ಬಂದ ಕಡೆಗೆ ಕಿವಿ ತಿರುಗಿಸಿದರು. ನಂತರ ಕೇಳಿದರು, ‘ಏನಂದೆ? ಇಲ್ಲ ಅಂದ್ಯೋ, ಇಲ್ಲೇ ಅಂದ್ಯೋ?’ ಕೇಳಿ ತಾವೇ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, ‘ಇನ್ನೊಂದ್ಸಲ ಅನ್ನು’ ಎಂದರು. ಹೇಳಿದೆ. ‘ಯಾವ್ದಾದ್ರೂ ಆಗ್ಲಿ ಬಿಡು, ದನಿ ನಿಂದೇ’ ಎಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಭುಜ ಅಲುಗುತ್ತಿತ್ತು. ಈ ಬಾರಿ ಅದು ಕೆಮ್ಮಾಗಿರಲಿಲ್ಲ.

ಅಂದಿನಿಂದ ಮಾತನಾಡಿದೆ. ಎಷ್ಟು ಕೆಟ್ಟದಾಗಿ ಎಂದರೆ, ನನ್ನ ಶಾಲೆಯಲ್ಲಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ‘ಹಾಲು ಬೇಕೇ?’ ಎನ್ನಹೋದರೆ ‘ಆಲು ಬೇಕೇ?’ ಎಂದು ಬರುತ್ತಿತ್ತು. ಹುಟ್ಟಾ ಹಕಾರದ ವೈರಿಯಾದ ನಿನ್ನ ತಂದೆಯವರಿಗೆ ಅದೊಂದು ಹಬ್ಬ. ‘ಬಂದ್ಯಾ ನಮ್ ರೂಟಿಗೆ! ಓಗ್ಲಿ ಬಿಡು, ಒತ್ತಾಗಿ ಬಂದೆ, ಸೀಟಿಲ್ಲ’ ಎಂದರು. ನಾನು ಒಂದೇ ವಾಕ್ಯದ ಮೇಲೆ ಹೆಣಗುವಾಗ, ‘ಅವಸರ ಬೇಡ, ಫಸ್ಟ್ ಗೇರಲ್ಲಿ ಬಸ್ಸು ಅರಚ್ಕೊಳ್ಳೇಬೇಕು, ಪ್ಯಾಸೆಂಜರು ಇಳ್ದು ಓಗಲ್ಲ’ ಎನ್ನುತ್ತಿದ್ದರು. ನಿನ್ನ ಹಳೆಯ ಪತ್ರಗಳನ್ನೆಲ್ಲ ಓದಿಸಿಕೊಂಡರು. ಭಿಕ್ಷುಣಿ ಎಂಬುದು ನನ್ನ ಬಾಯಲ್ಲಿ ಏನಾಯಿತೆಂಬುದನ್ನು ಇಲ್ಲಿ ಬರೆಯಲಾರೆ. ಆ ನಗು ಎಷ್ಟು ದಿನವಿತ್ತು, ಅದಕ್ಕೆ ಮೊದಲಿನ ಮೌನ ಎಷ್ಟು ತಿಂಗಳಿತ್ತು ಎಂಬ ಲೆಕ್ಕವನ್ನು ನಾನು ಮಾಡುವುದಿಲ್ಲ. ನಾನು ಗಣಿತದ ಅಧ್ಯಾಪಕಿಯಲ್ಲ.

ಹೋದ ತಿಂಗಳ ಆ ಬೆಳಿಗ್ಗೆ ಅವರು ಪ್ರಶ್ನೆ ಕೇಳಲಿಲ್ಲ. ಚಹಾ ತಂದಿಟ್ಟೆ, ಕೇಳಲಿಲ್ಲ. ಕಿಟಕಿ ತೆರೆದೆ. ಕೊನೆಗೆ ನಾನೇ ಕೇಳಿದೆ. ‘ಇದ್ದೀರಾ?’ ಎಂಬುದು ನನ್ನ ಬಾಯಲ್ಲಿ ‘ಇಲ್ಲೀರಾ?’ ಎಂದಾಯಿತು. ಮೊದಲ ಬಾರಿಗೆ ನನ್ನ ತಪ್ಪು ರೂಪವನ್ನು ಯಾರೂ ತಿದ್ದಲಿಲ್ಲ, ಯಾರೂ ನಗಲಿಲ್ಲ.

ಅಪ್ಪ ಇದ್ದಾರೆ ಎನ್ನುವುದು ಒಂದು ತುದಿ, ಇಲ್ಲ ಎನ್ನುವುದು ಇನ್ನೊಂದು ತುದಿ, ಬುದ್ಧ ಈ ಎರಡೂ ತುದಿಗಳಲ್ಲಿ ನಿಲ್ಲಲಿಲ್ಲ ಎಂದು ನೀನು ಸಾಂತ್ವನದ ಪತ್ರದಲ್ಲಿ ಬರೆದೆ. ಅದೇ ವಾಕ್ಯದಲ್ಲಿ ‘ಮದ್ಯಮ’ವೂ ಇತ್ತು, ನಾನು ಮೊದಲು ಕಂಡದ್ದು ಅದನ್ನು, ವಾಕ್ಯದ ಉಳಿದ ಭಾಗವನ್ನು ಓದಿದ್ದು ಎಷ್ಟೋ ದಿನಗಳ ಮೇಲೆ. ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ನಿಮ್ಮ ಗುರುಗಳು ಯಾವ ಪದವನ್ನು ಇಟ್ಟರೋ ನಾನರಿಯೆ. ನಿನ್ನ ತಂದೆ ಮತ್ತು ನಾನು ಆ ಮಧ್ಯಾಹ್ನ ಒಂದನ್ನು ಇಟ್ಟುಕೊಂಡಿದ್ದೆವು. ಅದು ನಿಘಂಟಿನಲ್ಲಿಲ್ಲ. ಅವರ ಕುರ್ಚಿ ಇನ್ನೂ ಕಿಟಕಿಯ ಕಡೆಗೇ ತಿರುಗಿದೆ. ಮೆಟ್ಟಿಲಿನಲ್ಲಿ ಯಾರದೋ ಹೆಜ್ಜೆ ಕೇಳಿದರೆ ನನ್ನ ನಾಲಗೆಯ ತುದಿ ತಾನಾಗಿ ಮೇಲೇಳುತ್ತದೆ.

ಹಾಗಾದರೆ ಅಂದು ನಿನ್ನೊಡನೆ ಏಕೆ ಮಾತನಾಡಲಿಲ್ಲ? ಒಮ್ಮೆ ಇಟ್ಟ ಮೊದಲ ಹೆಜ್ಜೆಯನ್ನು ಮತ್ತೆ ಇಡಬೇಕಾಗಿಲ್ಲವೆಂದು ನಾನೂ ತಿಳಿದಿದ್ದೆ. ಅಂದು ಮನೆ ತುಂಬ ಜನ. ನನ್ನ ಹಳೆಯ ವಿದ್ಯಾರ್ಥಿನಿಯರು, ಈಗ ಅವರಲ್ಲಿ ಇಬ್ಬರು ಕನ್ನಡ ಅಧ್ಯಾಪಕಿಯರು, ಗೋಡೆಗೆ ಒರಗಿ ನಿಂತಿದ್ದರು. ನೀನೋ ನಿನ್ನ ತಂದೆಯವರದೇ ಪ್ರಶ್ನೆಯನ್ನು, ಅವರದೇ ಎಳೆತದಲ್ಲಿ ಕೇಳಿದೆ. ಬಾಯಿ ತೆರೆದೆ. ಕನ್ನಡಕದ ಹಿಂದೆ ಆ ಇಬ್ಬರ ಕಣ್ಣುಗಳು ನನ್ನ ತುಟಿಯ ಮೇಲೆ ನಿಂತವು. ಮುಚ್ಚಿದೆ. ನಮ್ಮ ಮಾತಿನಲ್ಲಿ ಮಾನ ಹೋದರೆ ಪ್ರಾಣ ಹೋದಂತೆ. ನಿಮ್ಮಲ್ಲಿ ಅದೇ ‘ಮಾನ’ ಎಂದರೆ ಅಹಂಭಾವ, ಅದು ಕಟ್ಟಕಡೆಗೆ ಬಿಚ್ಚುವ ಸಂಕೋಲೆಗಳಲ್ಲಿ ಒಂದೆಂದು ನೀನು ಬರೆದಿದ್ದೆ. ಇಷ್ಟು ಹಿಂದಿನ ಸಾಲಿನಲ್ಲಿ ಅದನ್ನು ಕೂರಿಸಿದವರು ಅಧ್ಯಾಪಕಿಯರನ್ನು ಚೆನ್ನಾಗಿ ಬಲ್ಲವರಿರಬೇಕು.

ಕೋಲಿನ ಮೇಲೆ ಭಾರ ಬಿಟ್ಟು ನಾನೇ ಅಂಚೆಪೆಟ್ಟಿಗೆಯವರೆಗೆ ಹೋಗುತ್ತೇನೆ. ದಾರಿಯಲ್ಲಿ ಪ್ರತಿ ಹೆಜ್ಜೆಯೂ ಮೊದಲನೆಯದೇ. ನೀವೆಲ್ಲ ಏಕಾಗ್ರತೆಯಿಂದ ಕಲಿಯುವುದನ್ನು ನನಗೆ ಈ ಬಲಗಾಲು ಬಲವಂತವಾಗಿ ಕಲಿಸಿದೆ. ತಾಯಿಯಾಗಿ ನಿನ್ನನ್ನು ಆಶೀರ್ವದಿಸಬೇಕೋ, ಗೃಹಸ್ಥೆಯಾಗಿ ನಿನಗೆ ವಂದಿಸಬೇಕೋ ಎಂಬುದನ್ನು ನಿಮ್ಮ ನಿಯಮಗಳು ಈಗಾಗಲೇ ತೀರ್ಮಾನಿಸಿವೆ. ನಾನು ಎರಡನ್ನೂ ಮಾಡುತ್ತೇನೆ. ರಾತ್ರಿ ಮಂಡಿಗೆ ಬಿಸಿ ಎಣ್ಣೆ ಹಚ್ಚಿಕೊ ಎಂಬುದು ಆಶೀರ್ವಾದ. ಈ ಪತ್ರದ ಉಳಿದುದೆಲ್ಲ ವಂದನೆ. ಹಿರಿಯ ಭಿಕ್ಷುಣಿಯವರಿಗೂ ತಿಳಿಸು.

ನಿನ್ನ
ತಾಯಿ

ತಾ.ಕ.: ಮೆಟ್ಟಿಲಿನವರೆಗೆ ಹೋಗಿ ಹಿಂದಿರುಗಿ, ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಓರೆಯಾಗಿದ್ದರೆ ಆಗಲಿ. ಬರುವ ಹುಣ್ಣಿಮೆಯ ಸಂಜೆ ನಿಮ್ಮಲ್ಲಿ ಫೋನಿಗೆ ಅನುಮತಿಯಿದೆಯಂತೆ. ನಾನು ಮಾಡುತ್ತೇನೆ. ಟೈಲರಮ್ಮನಿಂದಲ್ಲ, ನಾನೇ. ಫೋನ್ ತೆಗೆಯುವವರಿಗೆ ಮೊದಲೇ ಹೇಳಿಡು, ಯಾರೋ ಮದ್ಯಮ ಮಾರ್ಗದವರೆಂದು ಇಟ್ಟುಬಿಟ್ಟಾರು. ನೀನು ಬೇರೇನೂ ಕೇಳಬೇಡ, ಅದನ್ನೇ ಕೇಳು. ನಾನು ಅಳುತ್ತಿದ್ದೇನೆಂದು ತಿಳಿಯಬೇಡ, ಈಗ ನನ್ನ ಮಾತೇ ಹಾಗೆ. ಉತ್ತರ ತಡವಾದರೆ ಫೋನ್ ಇಡಬೇಡ ಮಗಳೇ. ಇಲ್ಲೇನೆ.